ಗಿರಣಿ ಹಿಂದಿನ ಗೋಡೆ

ನಾನೂ ಅತ್ತಿಗೆಯೂ ಮೊರದಲ್ಲಿ ಜೋಳ ಹರವಿಕೊಂಡು ಕಲ್ಲು ಆರಿಸುತ್ತಿದ್ದೆವು. ಬೀದಿ ಬಾಗಿಲು ಹಾಕಿತ್ತು. ಹಗಲು ಹೊತ್ತಿನಲ್ಲಿ ನಮ್ಮ ಮನೆಯ ಬಾಗಿಲು ಹಾಕಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಕಲ್ಲು ಸಿಕ್ಕಿದಾಗ ಅತ್ತಿಗೆ ಅದನ್ನು ಪಕ್ಕದ ತಟ್ಟೆಗೆ ಹಾಕುತ್ತಿದ್ದರು, ಟಣ್ ಎನ್ನುತ್ತಿತ್ತು, ಮತ್ತೆ ಏನೂ ಇಲ್ಲ. ಅವರ ಮೊರದ ಜೋಳವನ್ನು ಆಗಲೇ ಒಂದು ಸಲ ಆರಿಸಿ ಮುಗಿದಿತ್ತು. ಕಲ್ಲು ಇನ್ನು ಉಳಿದಿರಲಿಲ್ಲ. ಅವರೀಗ ಸ್ವಲ್ಪ ಕಪ್ಪಾದ ಒಳ್ಳೆಯ ಕಾಳುಗಳನ್ನೇ ಎತ್ತಿ ತಟ್ಟೆಗೆ ಹಾಕುತ್ತಿದ್ದರು.

ದಾಕ್ಷಾಯಿಣಿ ಅತ್ತಿಗೆ ಸುಮ್ಮನೆ ಕೂತು ಕೆಲಸ ಮಾಡುವವರಲ್ಲ. ಊರಿಗಿರುವ ಒಂದೇ ಹಿಟ್ಟಿನ ಗಿರಣಿ ಅವರದು. ಗಿರಣಿಯ ಸದ್ದನ್ನು ಮೀರಿಸಿ ಮಾತಾಡಿ ಮಾತಾಡಿ ಅವರ ಗಂಟಲು ಎಷ್ಟು ದೊಡ್ಡದಾಗಿತ್ತೆಂದರೆ, ಅಡುಗೆಮನೆಯಲ್ಲಿ ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡುತ್ತಿದ್ದರು. ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಮನೆಯಲ್ಲಿ ಕೂತಾಗ ಎಲ್ಲರೂ ಯಾಕೆ ಯಾಕೆ ಎಂದು ಕೇಳಿದರು. ಅತ್ತಿಗೆ ಮಾತ್ರ "ಬಾರೇ, ಡಬ್ಬಿ ಹಿಡ್ಕೋ" ಎಂದು ಗಿರಣಿಗೆ ಕರೆದುಕೊಂಡು ಹೋದರು. ಜನರೆದುರು ನನಗೆ ಬಾಯಿ ಬರುವುದಿಲ್ಲ. ಗಿರಣಿಯಲ್ಲಿ ನನ್ನ ಪಾಲಿನ ಮಾತನ್ನೂ ಅವರೇ ಆಡಿಬಿಡುತ್ತಿದ್ದರು. "ನಮ್ಮ ಇಂದು ಹೇಳ್ತಾಳೆ, ನಿಮ್ಮ ಗೋಧಿ ಇನ್ನೊಂದು ಬಿಸಿಲು ಕಾಣ್ಬೇಕಂತೆ" ಎನ್ನುವರು. ನಾನು ಹೇಳಿರುತ್ತಿರಲಿಲ್ಲ, ಬರೀ ಗೋಧಿಯನ್ನು ನೋಡಿರುತ್ತಿದ್ದೆ.

ಗಿರಣಿಯ ಹಿಂದೆ ಒಂದು ಓಣಿ. ಓಣಿಯ ಆಚೆ ಬದಿಗೆ ಗೋಡೆ. ಆ ಓಣಿಗೆ ಕಾಲಿಟ್ಟವರ ಗುರುತು ಯಾರಿಗೂ ಸಿಗುವುದಿಲ್ಲ. ಕಣ್ಣು, ಮೂಗು, ಉಟ್ಟ ಸೀರೆ ಎಲ್ಲ ಇದ್ದ ಹಾಗೇ ಇರುತ್ತದೆ, ಯಾರದೆಂದು ಮಾತ್ರ ತಿಳಿಯುವುದಿಲ್ಲ. ಎದುರಿನಿಂದ ಹೋದ ಬಸ್ಸಿನ ಕಿಟಕಿಯಲ್ಲಿ ಒಮ್ಮೆ ಕಂಡ ಮುಖದ ಹಾಗೆ. ಗಂಡನ ಪಕ್ಕದಲ್ಲಿ ಹೆಂಡತಿ ನಿಂತಿದ್ದರೂ ಇಬ್ಬರಿಗೂ ಗೊತ್ತಾಗದು. ದನಿ ಮಾತ್ರ ಬದಲಾಗುವುದಿಲ್ಲ. ಆದ್ದರಿಂದ ಓಣಿಯಲ್ಲಿ ಯಾರೂ ಮಾತಾಡುವುದಿಲ್ಲ, ಕೆಮ್ಮು ಬಂದರೂ ನುಂಗಿಕೊಳ್ಳುತ್ತಾರೆ. ದೇವಸ್ಥಾನದ ಧರ್ಮದರ್ಶಿ ಪಾಲಯ್ಯನವರು ಒಂದು ಮಧ್ಯಾಹ್ನ ಬಟ್ಟೆಯಿಲ್ಲದ ಹೆಂಗಸಿನ ಚಿತ್ರದ ಮುಂದೆ ಜೋರಾಗಿ ಸೀನಿ, ಆ ಸೀನು ಯಾರದೆಂದು ಇಡೀ ಓಣಿಗೆ ತಿಳಿದುಹೋದ ಮೇಲಂತೂ ಜನ ಇನ್ನೂ ಹುಷಾರಾದರು.

ಗೋಡೆಗೆ ಅಂಟು ಬೇಡ. ಫೋಟೋ, ಕೈಯಲ್ಲಿ ಬರೆದ ಚಿತ್ರ, ಪೇಪರಿನಿಂದ ಕತ್ತರಿಸಿದ್ದು, ಯಾವುದನ್ನು ಒತ್ತಿದರೂ ಹಿಡಿದುಕೊಳ್ಳುತ್ತದೆ, ಒಬ್ಬರ ಕೈಯಿಂದ ವಾರಕ್ಕೆ ಒಂದೇ. ಕೀಳಲು ಹೋದರೆ ಉಗುರು ಕಿತ್ತು ಬರುತ್ತದೆಯೇ ಹೊರತು ಕಾಗದ ಬರುವುದಿಲ್ಲ. ಇಸ್ತ್ರಿ ಅಂಗಡಿಯವರು ಉಳಿದ ಇದ್ದಿಲನ್ನು ಓಣಿಯ ಬಾಯಲ್ಲಿರುವ ಡಬ್ಬಕ್ಕೆ ಸುರಿಯುತ್ತಾರೆ. ಅದರಲ್ಲಿ ಒಂದು ಚೂರು ತೆಗೆದುಕೊಂಡು ಯಾರು ಬೇಕಾದರೂ ಯಾವ ಚಿತ್ರದ ಕೆಳಗೆ ಬೇಕಾದರೂ ಬರೆಯಬಹುದು. ಬರೆದ ತಕ್ಷಣ ಆ ಚಿತ್ರ ತನ್ನ ಕೆಳಗಿನ ಬರಹವನ್ನೆಲ್ಲ ಎಳೆದುಕೊಂಡು ಹಲ್ಲಿಯ ಹಾಗೆ ಸರಸರನೆ ಹರಿದು ಮೇಲಿನ ಸಾಲಿನ ಮೊದಲ ಜಾಗಕ್ಕೆ ಹೋಗಿ ಕೂರುತ್ತದೆ. ಹೊಸ ಚಿತ್ರ ಬಂದರೂ ಅದೇ ಜಾಗ. ಉಳಿದವು ಒಂದೊಂದೇ ಜಾಗ ಹಿಂದೆ ಸರಿಯುತ್ತವೆ. ಕೊನೆಯ ಸಾಲಿನ ಕೊನೆಯದು ಉದುರಿ ಚರಂಡಿಗೆ ಬೀಳುತ್ತದೆ. ಎತ್ತಿಕೊಂಡು ನೋಡಿದರೆ ಬಿಳಿ ಹಾಳೆ. ಅಂದರೆ ಯಾರೂ ಏನೂ ಬರೆಯದಿದ್ದರೆ ಎಂಥ ಚಿತ್ರವಾದರೂ ಎರಡು ದಿನದಲ್ಲಿ ಚರಂಡಿ ಸೇರಲೇಬೇಕು. ಇದು ಊರಿನಲ್ಲಿ ಎಲ್ಲರಿಗೂ ಗೊತ್ತು. ಈ ಮಾತು ನೆನಪಿರಲಿ, ಯಾಕೆಂದರೆ ನನ್ನ ಸಂಕಟವೆಲ್ಲ ಇದರಲ್ಲೇ ಇದೆ.

ಗೋಡೆ ಕೆಟ್ಟದ್ದೆಂದು ನಾನು ಹೇಳಲಾರೆ. ಕೆಚ್ಚಲು ಬಾತ ಎಮ್ಮೆಯ ಫೋಟೋ ಹಾಕಿದವರಿಗೆ ಸಂಜೆಯೊಳಗೆ ಯಾರೋ ಔಷಧ ಹೇಳಿರುತ್ತಾರೆ. ಯಾರೋ ತಮ್ಮ ಸತ್ತ ನಾಯಿಯ ಚಿತ್ರ ಬರೆದು ಹಾಕಿದರೆ ಇಪ್ಪತ್ತು ಜನ ತಮ್ಮ ತಮ್ಮ ನಾಯಿಯ ಹೆಸರು ಬರೆಯುತ್ತಾರೆ. ನಾನೂ ಒಮ್ಮೆ ನಮ್ಮ ಗಿರಣಿ ಬೆಕ್ಕಿನ ಚಿತ್ರಕ್ಕೆ ಗಂಡಸಿನ ಮೀಸೆ ಬರೆದು ಹಾಕಿದ್ದೆ. ಆಮೇಲೆ ಒಂದು ತಿಂಗಳು ಆ ಮೀಸೆ ಗೋಡೆಗೆ ಬಂದ ಎಲ್ಲ ಚಿತ್ರಕ್ಕೂ ಅಂಟಿಕೊಂಡಿತು, ಕುಂಬಳಕಾಯಿಗೆ, ನಲ್ಲಿಗೆ, ಪುರಸಭೆ ಅಧ್ಯಕ್ಷರ ಹೆಂಡತಿಗೆ. ಗಿರಣಿಯ ಹಿಂದಿನ ಕಿಟಕಿಯಿಂದ ನೋಡಿ ನೋಡಿ ನಗುತ್ತಿದ್ದೆ. ಪ್ರತಿ ಚಿತ್ರದ ಕೆಳಗೂ 'ಇದು ಹಳೆಯದು' ಎಂದು ಬರೆಯುವ ಯಾರೋ ಒಬ್ಬರಿದ್ದಾರೆ. ಹಿಂದಿನ ದಿನ ಹುಟ್ಟಿದ ಮಗುವಿನ ಫೋಟೋದ ಕೆಳಗೂ 'ಇದು ಹಳೆಯದು' ಎಂದು ಬರೆದಿದ್ದರು.

ಪುರಸಭೆಯವರು ಒಂದು ಸಲ ಗೋಡೆಗೆ ಸುಣ್ಣ ಹೊಡೆಸಿದರು. ಸುಣ್ಣ ಒಣಗುವಷ್ಟರಲ್ಲಿ ಚಿತ್ರಗಳು ಅದರ ಮೇಲೆ ಬಂದವು. ಇನ್ನೊಂದು ಸಲ ಕೆಡವಿಸಿಯೇ ಬಿಟ್ಟರು. ಗೋಡೆ ತಾನಾಗಿ ಬಳೆಗಾರರ ಓಣಿಯಲ್ಲಿ ಎದ್ದು ನಿಂತಿತು, ಅದೇ ಚಿತ್ರಗಳು, ಅದೇ ಸಾಲು. ಬಳೆಗಾರರು ಗಲಾಟೆ ಮಾಡಿದ್ದಕ್ಕೆ ಅಲ್ಲೂ ಕೆಡವಿದರು, ಮತ್ತೆ ನಮ್ಮ ಹಿಂದಕ್ಕೇ ಬಂತು. ಇಷ್ಟೆಲ್ಲ ಆದರೂ ಜನ ಟೀ ಅಂಗಡಿಯಲ್ಲಿ ಕೂತು "ಈ ಗೋಡೆಯೋರು ಊರು ಹಾಳ್ಮಾಡಿದ್ರು ಕಣ್ರೀ" ಎನ್ನುವರು, ಗೋಡೆಯವರೆಂದರೆ ಬೇರೆ ಊರಿನಿಂದ ಬಂದು ಹೋಗುವವರೋ ಎನ್ನುವ ಹಾಗೆ. ಹೇಳುವವರ ಹೆಬ್ಬೆರಳು ಇದ್ದಿಲಿನಿಂದ ಕಪ್ಪಾಗಿರುತ್ತದೆ.

ಅತ್ತಿಗೆಯ ಫೋಟೋ ಬಂದದ್ದು ಕರೆಂಟು ಹೋಗಿದ್ದ ಒಂದು ಮಧ್ಯಾಹ್ನದ ಮರುದಿನ. ಆ ಮಧ್ಯಾಹ್ನ ಅವರು ಮೂಟೆಗೆ ಒರಗಿ ನಿದ್ದೆ ಹೋಗಿದ್ದರು. ಮುಖದ ತುಂಬ ಹಿಟ್ಟು, ಬಾಯಿ ತೆರೆದಿತ್ತು, ಒಂದು ಕಾಲು ಡಬ್ಬಿಯ ಮೇಲೆ. ಯಾರೋ ಓಣಿಯ ಕಡೆಯ ಕಿಟಕಿಯಿಂದ ತೆಗೆದಿದ್ದರು. ಕಿಟಕಿಯಲ್ಲಿ ಯಾರನ್ನೋ ಕಂಡ ಹಾಗಾಯಿತೆಂದು ಅತ್ತಿಗೆಗೆ ನೆನಪು, ಓಣಿಯಲ್ಲಿ ನಿಂತವರ ಮುಖವನ್ನು ನೆನಪಿಟ್ಟುಕೊಳ್ಳುವುದು ಹೇಗೆ? ಫೋಟೋದ ಕೆಳಗೆ 'ಹಿಟ್ಟಿನ ಹೆಣ' ಎಂದು ಬರೆದಿತ್ತು.

ಮೊದಲ ದಿನ ಅತ್ತಿಗೆಯೇ ನಕ್ಕರು. ಯಾರೋ ಆ ಫೋಟೋ ನೋಡಿ ಬರೆದು ಅವರನ್ನು ಚಂದ್ರನ ಮೇಲೆ ಮಲಗಿಸಿದ್ದರು. "ನೋಡೇ ಇಂದು, ಚಂದ್ರನ ಮೇಲೂ ಡಬ್ಬಿ ತಗೊಂಡೋಗಿದೀನಿ" ಎಂದರು. ಆಮೇಲೆ ಬಸ್ಸಿನ ಮೇಲೆ ಮಲಗಿಸಿದರು, ಪುರಸಭೆಯ ಮೀಟಿಂಗಿನಲ್ಲಿ ಮಲಗಿಸಿದರು. ಬೀಸಿಸಲು ಏನೂ ತರದ ಹೆಂಗಸರು ಗಿರಣಿ ಬಾಗಿಲಿಗೆ ಬಂದು ಅತ್ತಿಗೆಯ ಬಾಯನ್ನು ನೋಡಿ ಹೋಗತೊಡಗಿದರು. ಮೂರನೆಯ ದಿನ ಯಾರೋ, ಕರೆಂಟಿಲ್ಲದ ಹೊತ್ತಿನಲ್ಲಿ ಬಾಗಿಲು ತೆರೆದಿಟ್ಟು ಮಲಗಿದ್ದು ಯಾರಿಗೋಸ್ಕರ ಎಂದು ಬರೆದರು. ಅದರ ಕೆಳಗೆ ಇನ್ನಷ್ಟು ಜನ, ಒಬ್ಬರಿಗಿಂತ ಒಬ್ಬರು ಹೊಲಸಾಗಿ. ಆ ಸಂಜೆ ಅತ್ತಿಗೆ ಗಿರಣಿಯ ಬೆಲ್ಟು ಬಿಚ್ಚಿ ಸುತ್ತಿ ಮನೆಗೆ ಬಂದರು, ಮರುದಿನ ಹೋಗಲಿಲ್ಲ. ಬೆಲ್ಟು ಮತ್ತೆ ಹಾಕಿ ಗಿರಣಿ ನಡೆಸಿದ್ದು ನಾನೂ ಅಣ್ಣನೂ.

ಅವರು ಅಣ್ಣನಿಗೆ ಹೇಳಿದ್ದು ಇಷ್ಟೇ: "ಆ ಫೋಟೋ ಇರೋವರ್ಗೂ ನಾನು ಗಿರಣಿ ಮೆಟ್ಲು ಹತ್ತಲ್ಲ. ಮಂಡಕ್ಕಿ ಭಟ್ಟಿಯೋರು ಗಿರಣಿ ಕೊಳ್ಳೋಕೆ ಕೇಳ್ತಿದ್ರಲ್ಲ, ಶುಕ್ರವಾರ ನೋಡೋಕೆ ಬರ್ಲಿ. ಅಷ್ಟ್ರಲ್ಲಿ ಅದು ಬಿದ್ರೆ ಬಿತ್ತು. ಇಲ್ದಿದ್ರೆ ಗಿರಣಿ ಅವ್ರಿಗೆ, ನಾನು ತೌರಿಗೆ."

ಶುಕ್ರವಾರಕ್ಕೆ ಇನ್ನೂ ಆರು ದಿನವಿತ್ತು. ಚಿತ್ರ ಬೀಳಲು ಎರಡು ದಿನ ಸಾಕು. ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಗೇಲಿ ಮಾಡುವವರಿಗೆ ಅಷ್ಟರಲ್ಲಿ ಬೇಸರ ಬಂದು ಅವರು ಒಬ್ಬ ರಾಜಕಾರಣಿಯ ಹಾಗೆ ಕಾಣುವ ಸೋರೆಕಾಯಿಯ ಚಿತ್ರದ ಹಿಂದೆ ಬಿದ್ದಿದ್ದರು. ನಮಗೆ ಕಾಟ ಕೊಟ್ಟವರು ಒಳ್ಳೆಯವರು.

ಮೊದಲು ನಮ್ಮ ಅಣ್ಣ ಪರಮೇಶ. ಭಾನುವಾರ ಫೋಟೋ ಮೂರನೆಯ ಸಾಲಿಗೆ ಇಳಿದಿದ್ದಾಗ ಇವನು ಹೋಗಿ 'ನಿಮ್ಮ ಮನೆಯಲ್ಲಿ ಅಕ್ಕತಂಗಿಯರಿಲ್ಲವೇ' ಎಂದು ಬರೆದು ಬಂದ. ಫೋಟೋ ಮೇಲಕ್ಕೆ ಹೋಯಿತು. 'ಇದ್ದಾರೆ, ಅವರು ಬಾಯಿ ಮುಚ್ಚಿಕೊಂಡು ಮಲಗುತ್ತಾರೆ' ಎಂದು ಯಾರೋ ಉತ್ತರ ಬರೆದರು. ಅಣ್ಣ ಮತ್ತೆ ಹೋಗಿ ಬರೆದ.

"ನೀನು ಬರ್ದಿದ್ದಕ್ಕೇ ಅಣ್ಣ ಅದು ಮೇಲೆ ಹೋಗಿದ್ದು" ಎಂದೆ.

"ಮತ್ತೆ ಸುಮ್ನಿರ್ಬೇಕಾ? ಹೆಂಡ್ತಿ ಬಗ್ಗೆ ಅಂಥದ್ದು ಬರ್ದವ್ರೆ, ಗಂಡ ಅನ್ನಿಸ್ಕೊಂಡೋನು ನೋಡ್ಕೊಂಡು ಬರ್ಬೇಕಾ?"

"ನೀನು ಅವ್ರ ಗಂಡ ಅಂತ ಅಲ್ಲಿ ಯಾರಿಗೂ ಗೊತ್ತಾಗಲ್ವಲ್ಲ."

"ನಂಗೆ ಗೊತ್ತಲ್ಲ" ಎಂದ.

ಆಮೇಲೆ ಷಡಕ್ಷರಿ ಮೇಷ್ಟ್ರು. ಹೈಸ್ಕೂಲಿನಲ್ಲಿದ್ದು ರಿಟೈರಾದವರು, ಅತ್ತಿಗೆಯ ಬಗ್ಗೆ ನಿಜವಾಗಿ ಮರುಗಿದವರು. ಅವರು ಹೆಣ್ಣಿನ ಮರ್ಯಾದೆಯ ಬಗ್ಗೆ ಗೋಡೆಯ ಮೇಲೆ ಎಷ್ಟು ಉದ್ದ ಬರೆದರೆಂದರೆ ಪಕ್ಕದ ಸೋರೆಕಾಯಿ ಎರಡು ಗೇಣು ಆಚೆ ಸರಿಯಬೇಕಾಯಿತು. ಬರೆದ ಕೈಯನ್ನು ತೊಳೆಯದೆ ಗಿರಣಿಗೆ ಬಂದು ಅಣ್ಣನಿಗೆ ವರದಿ ಒಪ್ಪಿಸಿದರು. ಆಮೇಲೆ ಮಹಿಳಾ ಸಂಘದ ಪಂಕಜಕ್ಕ. ಸಂಘದವರೆಲ್ಲ ಸಾಲಾಗಿ ಹೋಗಿ ಒಬ್ಬೊಬ್ಬರು ಒಂದೊಂದು ಸಾಲು ಬರೆದರಂತೆ. ಮನೆಗೆ ಬಂದು ಅತ್ತಿಗೆಯ ಕೈ ಹಿಡಿದು "ಧೈರ್ಯವಾಗಿರು ದಾಕ್ಷಿ, ನಾವಿದೀವಿ. ಈಗ ಇಡೀ ಗೋಡೇಲಿ ನಿನ್ ಫೋಟೋನೇ ಮೇಲಿರೋದು" ಎಂದರು. ಅತ್ತಿಗೆ "ಒಳ್ಳೇದಾಯ್ತು ಕಣಕ್ಕ" ಎಂದು ಕಾಫಿ ಕೊಟ್ಟು ಕಳಿಸಿದರು. ಹೋದ ಮೇಲೆ ಲೋಟ ತೊಳೆಯುವಾಗ ಅವರ ಭುಜ ಅಲುಗುತ್ತಿತ್ತು. ನಗುತ್ತಿದ್ದರೋ ಏನೋ ಎಂದು ಒಂದು ಕ್ಷಣ ಆಸೆಪಟ್ಟೆ.

ಸೋಮವಾರ ನನ್ನ ಮಾತು ಕೇಳಿ ಅಣ್ಣ ಹೋಗಿ 'ಇದರ ಕೆಳಗೆ ಯಾರೂ ಬರೆಯಬೇಡಿ, ಬರೆದರೆ ಮೇಲೆ ಹೋಗುತ್ತದೆ' ಎಂದು ಬರೆದ. ಅದರ ಕೆಳಗೆ 'ಹಾಗಾದರೆ ನೀನು ಯಾಕೆ ಬರೆದೆ' ಎಂದು ಒಬ್ಬರು. 'ಅದನ್ನು ಕೇಳಲು ನೀನು ಯಾಕೆ ಬರೆದೆ' ಎಂದು ಇನ್ನೊಬ್ಬರು. ಸಂಜೆಯ ತನಕ ಇದೇ ನಡೆಯಿತು. ಕೊನೆಗೆ 'ಇದು ಹಳೆಯದು'.

ಇಷ್ಟಾದರೂ ಯಾರು ಮಾಡಿದ್ದೆಂದು ಹುಡುಕದಿದ್ದರೆ ಒಳ್ಳೆಯವರಿಗೆ ಸಮಾಧಾನವಿಲ್ಲ. ಫೋಟೋ ಮಿರಿಮಿರಿ ಕಾಗದದ್ದು, ಊರಿನಲ್ಲಿ ಆ ಕಾಗದ ಇರುವುದು ಓಬಳೇಶನ ಸ್ಟುಡಿಯೋದಲ್ಲಿ ಮಾತ್ರ, ಆದ್ದರಿಂದ ಓಬಳೇಶನೇ ಎಂದು ಗೋಡೆಯ ಮೇಲೆ ತೀರ್ಮಾನವಾಯಿತು. ಮಂಗಳವಾರ ಬೆಳಿಗ್ಗೆ ಯಾರೋ ಅವನ ಸ್ಟುಡಿಯೋದ ಗಾಜಿಗೆ ಕಲ್ಲು ಹೊಡೆದರು. ಗಾಜಿನ ಹಿಂದೆ ಇಟ್ಟಿದ್ದ ಮದುಮಕ್ಕಳ ಫೋಟೋಗಳೆಲ್ಲ ಬೀದಿಗೆ ಬಿದ್ದಿದ್ದವು. ಓಬಳೇಶ ಗಿರಣಿಗೆ ಬಂದಾಗ ಅವನ ಅಂಗಿಯ ಜೇಬು ಹರಿದಿತ್ತು.

"ಅವತ್ತು ನಾನು ಊರಲ್ಲೇ ಇರ್ಲಿಲ್ಲ ಪರಮೇಶಣ್ಣ, ಗೃಹಪ್ರವೇಶದ ಫೋಟೋ ತೆಗಿಯೋಕೆ ಹೋಗಿದ್ದೆ. ಬೇಕಾದ್ರೆ ಆ ಮನೆಯೋರ್ನೇ ಕೇಳು" ಎಂದ. "ಅಕ್ಕ ನಂಗೆ ಹಿಟ್ಟು ಬೀಸಿಕೊಟ್ಟವ್ರೆ, ನಾನು ಅಂಥ ಕೆಲ್ಸ ಮಾಡ್ತೀನಾ? ನಾನಲ್ಲ ಅಂತ ಹೆಸರು ಸಮೇತ ಬರ್ದು ಬಂದಿದೀನಿ."

"ಎಲ್ಲಿ ಬರ್ದೆ?" ಎಂದು ಅಣ್ಣ ಕೇಳಿದ.

"ಆ ಫೋಟೋ ಕೆಳಗೇ."

ನಾನು ಕಿಟಕಿಯಿಂದ ನೋಡಿದೆ. ಫೋಟೋ ಮೊದಲ ಜಾಗದಲ್ಲಿತ್ತು. 'ಇದು ನಾನು ಮಾಡಿದ್ದಲ್ಲ. ಇಂತಿ, ಓಬಳೇಶ' ಎಂಬುದರ ಕೆಳಗೆ ಆಗಲೇ ಏಳೆಂಟು ಜನ 'ನಾನೇ ಓಬಳೇಶ', 'ನಿಜವಾದ ಓಬಳೇಶ ನಾನು', 'ನನ್ನ ಗಾಜು ಯಾರು ಕೊಡುತ್ತಾರೆ, ಇಂತಿ ಓಬಳೇಶ' ಎಂದು ಬರೆದಿದ್ದರು. ನನಗೆ ನಗು ಬಂತು, ಆಮೇಲೆ ನನ್ನ ಮೇಲೇ ಸಿಟ್ಟು ಬಂತು. ಓಬಳೇಶ ನನ್ನ ಹೆಗಲ ಮೇಲಿಂದ ಇಣುಕಿ ಓದಿ "ಛೆ" ಎಂದು ಅಲ್ಲೇ ಮೂಟೆಯ ಮೇಲೆ ಕೂತುಬಿಟ್ಟ. ನಿಜವಾಗಿ ತೆಗೆದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಗಾಜು ಒಡೆದದ್ದಕ್ಕೆ ಊರಿಗೆ ಸ್ವಲ್ಪ ನಾಚಿಕೆಯಾಗಿರಬೇಕು, ಆಮೇಲೆ ಯಾರೂ ಬರೆಯಲಿಲ್ಲ. ಬುಧವಾರವೆಲ್ಲ ಫೋಟೋ ಒಂದೊಂದೇ ಜಾಗ ಇಳಿಯಿತು. ನಾನು ರಾಗಿ ಬೀಸುತ್ತ ಕಿಟಕಿಯ ಕಡೆಗೇ ಕಣ್ಣಿಟ್ಟಿದ್ದೆ. ಹೊಸ ಚಿತ್ರ ಹಿಡಿದು ಬಂದವರನ್ನೆಲ್ಲ ಮನಸ್ಸಿನಲ್ಲೇ ಹರಸಿದೆ. ಯಾರೋ ತಮ್ಮ ಹಲ್ಲಿನ ಸೆಟ್ಟಿನ ಫೋಟೋ ಹಾಕಿದರು, ಒಳ್ಳೆಯದಾಗಲಿ ಎಂದುಕೊಂಡೆ. ಗುರುವಾರ ಮಧ್ಯಾಹ್ನದ ಹೊತ್ತಿಗೆ ಅತ್ತಿಗೆಯ ಫೋಟೋ ಕೊನೆಯ ಸಾಲಿಗೆ ಬಂತು. ಆಮೇಲೆ ಕೊನೆಯಿಂದ ಮೂರನೆಯದು. ಆಮೇಲೆ ಎರಡನೆಯದು. ಆಗ ಒಬ್ಬರು ಓಣಿಗೆ ಬಂದರು. ಇದ್ದಿಲು ಹಿಡಿದು, ಆ ಕೊನೆಯ ಸಾಲಿಗೆ ಬಗ್ಗುವುದು ಕಷ್ಟವಾಗಿ ಮಂಡಿಯೂರಿ ಕೂತು, ದುಂಡಗಿನ ಅಕ್ಷರದಲ್ಲಿ ನಿಧಾನವಾಗಿ ಬರೆದರು: 'ಈ ಚಿತ್ರ ಇನ್ನೂ ಇಲ್ಲೇ ಇರುವುದು ನಮ್ಮೂರಿಗೆ ನಾಚಿಕೆಗೇಡು.'

ಫೋಟೋ ಸರಸರನೆ ಹರಿದು ಮೇಲೆ ಹೋಯಿತು. ನಾನು ರಾಗಿಯ ಡಬ್ಬಿಯನ್ನು ಕೈಬಿಟ್ಟೆ.

ಸ್ವಲ್ಪ ಹೊತ್ತಿಗೆ ಷಡಕ್ಷರಿ ಮೇಷ್ಟ್ರು ಮಂಡಿಯ ಧೂಳು ಕೊಡವುತ್ತ ಗಿರಣಿಗೆ ಬಂದರು. "ಬರೆದು ಬಂದೆ ಪರಮೇಶಿ. ನಾಟೋ ಹಂಗೆ ಬರೆದಿದೀನಿ" ಎಂದರು.

ಅಣ್ಣ ಮೆಲ್ಲಗೆ, "ಬರೆದ್ರೆ ಮೇಲೆ ಹೋಗುತ್ತಂತೆ ಸಾರ್, ನಮ್ಮ ಇಂದು ಹೇಳ್ತಾಳೆ" ಎಂದ.

"ಗೊತ್ತಪ್ಪ, ಅದು ಯಾರಿಗೆ ಗೊತ್ತಿಲ್ಲ? ಅವರು ಬರೆಯೋದು ಗೇಲಿ. ನಾನು ಬರೆಯೋದು ಖಂಡನೆ. ಎರಡೂ ಒಂದೇನಾ?" ನನ್ನ ಕಡೆ ತಿರುಗಿ ಪ್ರೀತಿಯಿಂದಲೇ, "ಏನಮ್ಮ, ಒಂದೇನಾ?" ಎಂದರು.

ಗೋಡೆಗೆ ಎರಡೂ ಒಂದೇ ಸಾರ್ ಎನ್ನಬೇಕೆಂದುಕೊಂಡೆ. ಚೆಲ್ಲಿದ ರಾಗಿಯನ್ನು ಗುಡಿಸಿದೆ.

ಆವತ್ತೇ ಹೊತ್ತು ಮುಳುಗುವ ಮೊದಲು ಬೀದಿ ಬಾಗಿಲು ಹಾಕಿಕೊಂಡು ನಾವು ಜೋಳ ಆರಿಸಿದ್ದು. ಮೊರ ಇಟ್ಟು ಏಳುವಾಗ ಅತ್ತಿಗೆ, "ಭಟ್ಟಿಯೋರು ಬಂದಾಗ ಬೆಲ್ಟು ಹಾಕೋದು ಹೆಂಗೆ ಅಂತ ತೋರ್ಸು. ಕೀಲಿಗೆ ಎಣ್ಣೆ ಬಿಡ್ಬೇಕು ಅಂತಾನೂ ಹೇಳು" ಎಂದರು. ನಾನು ಹೇಳಲಾರೆನೆಂದು ನೆನಪಾಗಿರಬೇಕು. "ಬಿಡು, ನಿಮ್ಮಣ್ಣ ಹೇಳ್ತಾನೆ" ಎಂದರು.

ಶುಕ್ರವಾರ ಸಂತೆ. ಸಂತೆಯ ದಿನ ಹಳ್ಳಿಗಳಿಂದ ಬಂದವರೆಲ್ಲ ಒಂದೊಂದು ಚಿತ್ರ ಹಿಡಿದೇ ಬರುತ್ತಾರೆ. ಬೆಳಿಗ್ಗೆಯಿಂದ ಹೊಸ ಚಿತ್ರಗಳು ಬಂದವು ಬಂದವು, ಅತ್ತಿಗೆಯ ಫೋಟೋ ಎರಡು ದಿನದ ದಾರಿಯನ್ನು ಅರ್ಧ ದಿನದಲ್ಲಿ ಇಳಿಯಿತು. ಮಂಡಕ್ಕಿ ಭಟ್ಟಿಯವರು ಊಟದ ಹೊತ್ತಿಗೆ ಬರುವವರಿದ್ದರು. ಅದಕ್ಕೆ ಸ್ವಲ್ಪ ಮುಂಚೆ ಫೋಟೋ ಕೊನೆಯ ಸಾಲಿನ ಕೊನೆಯ ಜಾಗಕ್ಕೆ ಬಂದು ನಿಂತಿತು. ಇನ್ನೊಂದು ಹೊಸ ಚಿತ್ರ ಸಾಕಾಗಿತ್ತು, ನನ್ನ ವಾರದ ಚಿತ್ರವನ್ನು ನಾನು ಬುಧವಾರವೇ ಹಾಕಿಬಿಟ್ಟಿದ್ದೆ. ನಾನು ಗಿರಣಿ ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು ಓಣಿಗೆ ಹೋದೆ.

ಓಣಿಯಲ್ಲಿ ಹತ್ತಾರು ಜನರಿದ್ದರು. ಎಂದಿನ ಹಾಗೆ ಇದ್ದಿಲು ಗೀಚುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಆಚೆ ತುದಿಯಿಂದ ಒಬ್ಬರು ಸುರುಳಿ ಸುತ್ತಿದ ಹೊಸ ಕಾಗದ ಹಿಡಿದು, ದಾರಿಯಲ್ಲಿ ಒಂದೊಂದೇ ಚಿತ್ರ ನೋಡುತ್ತ ನಿಧಾನವಾಗಿ ಬರುತ್ತಿದ್ದರು. ನಾನು ಅವರ ಕೈಯ ಸುರುಳಿಯನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ನನ್ನ ಪಕ್ಕದಲ್ಲಿದ್ದವರು ಅತ್ತಿಗೆಯ ಫೋಟೋದ ಮುಂದೆ ನಿಂತರು. ನೋಡಿದರು. ನಾಲಿಗೆ ಲೊಚಗುಟ್ಟಲು ಹೋಗಿ, ಸದ್ದಾದೀತೆಂದು ತಡೆದುಕೊಂಡರು. ಪಾಪ ಎನ್ನಿಸಿತ್ತು ಅವರಿಗೆ, ಮುಖ ಯಾರದೆಂದು ತಿಳಿಯದಿದ್ದರೂ ಅದು ಮಾತ್ರ ತಿಳಿಯಿತು. ಅಣ್ಣನೇ ಇರಬಹುದು, ಮೇಷ್ಟ್ರಿರಬಹುದು, ಪಂಕಜಕ್ಕ ಇರಬಹುದು, ಮೊದಲ ದಿನ 'ಹಿಟ್ಟಿನ ಹೆಣ' ಎಂದು ಬರೆದವರೇ ಇರಬಹುದು. ಅವರು ಬಗ್ಗಿದರು. ಕೈಯಲ್ಲಿ ಇದ್ದಿಲಿತ್ತು.

ಅತ್ತಿಗೆ ಪಕ್ಕದಲ್ಲಿದ್ದಿದ್ದರೆ ನನ್ನ ಪಾಲಿನದನ್ನು ಅವರೇ ಹೇಳಿಬಿಡುತ್ತಿದ್ದರು.

"ನಾನು ಇಂದುಮತಿ" ಎಂದೆ. ನನ್ನ ದನಿ ಅಷ್ಟು ದೊಡ್ಡದಿದೆಯೆಂದು ನನಗೇ ಗೊತ್ತಿರಲಿಲ್ಲ. ಗೀಚುವ ಸದ್ದೆಲ್ಲ ನಿಂತಿತು. ಗುರುತಿಲ್ಲದ ಮುಖಗಳೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದವು. "ಗಿರಣಿ ದಾಕ್ಷಾಯಿಣಿಯವರ ನಾದಿನಿ. ಇದರ ಕೆಳಗೆ ಯಾರೂ ಏನೂ ಬರೀಬೇಡಿ. ಒಳ್ಳೇದನ್ನೂ ಬರೀಬೇಡಿ."

ಬಗ್ಗಿದ್ದವರು ಇದ್ದಿಲನ್ನು ಗೋಡೆಗೆ ತಾಗಿಸದೆ ಹಿಂದೆ ಸರಿದರು, ಆಚೆ ತುದಿಯಿಂದ ಬರುತ್ತಿದ್ದವರು ಸುರುಳಿ ಬಿಚ್ಚತೊಡಗಿದರು.